ಕತ್ತಿ ಡಮ್ಮಿ ಆದ್ರೆ ನಿಮಗೇನು ನಷ್ಟ?

‘ಕೆಜಿಎಫ್’ ಸಿನಿಮಾ ಬಂದಮೇಲೆ, ನಾನು ಬಂಗಾರಪೇಟೆ ಕಡೆಯವನು ಅಂತ ಗೊತ್ತಾದರೆ ಸಾಕು, ಜನ ಎರಡು ಪ್ರಶ್ನೆ ಕೇಳ್ತಾರೆ. ಒಂದು, ಅಲ್ಲಿ ಈಗಲೂ ಚಿನ್ನ ಸಿಗುತ್ತಾ? ಇನ್ನೊಂದು, ಆ ಕತ್ತಿ ಒರಿಜಿನಲ್ಲಾ? 2018ರ ಮೊದಲ ಭಾಗದ ಕೊನೆಗೆ ರಾಕಿ ಗರುಡನ ತಲೆ ತೆಗೀತಾನಲ್ಲ, ಆ ಕತ್ತಿ. 2022ರ ಎರಡನೇ ಭಾಗದಲ್ಲಿ ಅಧೀರನಾಗಿ ಬಂದ ಸಂಜಯ್ ದತ್ ಕೈಯಲ್ಲಿದ್ದ ಭಾರಿ ಕತ್ತಿ. ಸಿನಿಮಾದ ಕತ್ತಿಗಳು ಸಾಮಾನ್ಯವಾಗಿ ಡಮ್ಮಿ ಕಣ್ರೀ ಅಂದ ತಕ್ಷಣ ಕೇಳಿದವರ ಮುಖ ಸಪ್ಪಗಾಗುತ್ತೆ, ಯಾರೋ ಮೋಸ ಮಾಡಿಬಿಟ್ಟರು ಅನ್ನೋ ಥರ.

ನನ್ನ ಜಗಳ ಇರೋದು ಈ ಸಪ್ಪೆ ಮುಖದ ಜೊತೆಗೇ. ‘ನಮ್ಮ ಹೀರೋ ಅಸಲಿ ಕತ್ತಿ ಹಿಡಿದೇ ಫೈಟ್ ಮಾಡಿದ್ದು’ ಅಂತ ಎದೆ ತಟ್ಟಿಕೊಳ್ಳೋ ಅಭಿಮಾನಿಗಳೇ, ಆ ಕತ್ತಿಗೆ ಎದುರಾಗಿ ನಿಂತವನು ಯಾರು ಅಂತ ಯಾವತ್ತಾದರೂ ಕೇಳಿದ್ದೀರಾ? ಅವನು ದಿನದ ಪೇಮೆಂಟಿಗೆ ಬಂದ ಫೈಟರ್. ಅವನ ಫೋಟೋ ಪೋಸ್ಟರಿನಲ್ಲಿ ಬರಲ್ಲ.

ಸಿನಿಮಾದಲ್ಲಿ ಒಂದೇ ಕತ್ತಿಗೆ ಮೂರ್ನಾಲ್ಕು ಅವತಾರ ಇರುತ್ತೆ. ಕ್ಲೋಸಪ್ಪಿಗೆ ಸ್ಟೀಲು, ಅದೂ ಮೊಂಡು. ಹೊಡೆದಾಟಕ್ಕೆ ಅಲ್ಯೂಮಿನಿಯಂ ಅಥವಾ ಫೈಬರ್. ಬೀಳೋ, ಉರುಳೋ ಶಾಟಿಗೆ ರಬ್ಬರ್. ಹೊಟ್ಟೆಗೆ ಚುಚ್ಚೋ ಶಾಟಿನಲ್ಲಿ ಅರ್ಧ ಕತ್ತಿ ಕೈಯಲ್ಲಿ, ಉಳಿದರ್ಧ ಕಂಪ್ಯೂಟರಿನಲ್ಲಿ. ಒರೆಯಿಂದ ಎಳೆದಾಗ ಬರೋ ‘ಚಿಂಗ್’ ಕೂಡ ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಚರ್ಮದ ಒರೆಯಿಂದ ಅಸಲಿ ಕತ್ತಿ ಎಳೆದು ನೋಡಿ, ಅಂಥ ಸದ್ದೇ ಬರಲ್ಲ.

ಮೊಂಡು ಮಾಡಿದರೆ ಸಾಕಲ್ವಾ ಅಂತೀರಿ. ಸಾಲದು. ಒಂದು ಕೈಲಿ ಬೀಸೋ ಸ್ಟೀಲ್ ಕತ್ತಿ ಒಂದು ಕೇಜಿ, ಒಂದೂಕಾಲು ಕೇಜಿ ತೂಗುತ್ತೆ. ಹರಿತ ಇಲ್ಲದಿದ್ದರೂ ಬೆರಳು ಮುರಿಯೋಕೆ, ಕಣ್ಣು ಕಳೆಯೋಕೆ ಅದು ಧಾರಾಳ ಸಾಕು. ಬೆಳಗ್ಗೆಯಿಂದ ಇಪ್ಪತ್ತು ಟೇಕ್ ಆದಮೇಲೆ ತೋಳು ಸೋತಿರುತ್ತೆ, ಏಟು ನಾಲ್ಕು ಇಂಚು ಆಚೆ ಬೀಳುತ್ತೆ. ಅಲ್ಯೂಮಿನಿಯಂ ಕತ್ತಿಗಳೂ ಒಂದಕ್ಕೊಂದು ಬಡಿದು ಬಡಿದು ಅಂಚು ಗರಗಸದ ಥರ ಆಗುತ್ತೆ, ಅದನ್ನ ಉಜ್ಜಿ ನಯ ಮಾಡೋಕೆ ಒಬ್ಬ ಬೇಕು. ಇದೆಲ್ಲ ಸೇರಿದರೇ ಫೈಟು. ಕೆಜಿಎಫ್ ಮೊದಲ ಭಾಗಕ್ಕೆ 66ನೇ ರಾಷ್ಟ್ರಪ್ರಶಸ್ತಿಯಲ್ಲಿ ಬಹುಮಾನ ಬಂದಿದ್ದು ಸಾಹಸಕ್ಕೆ ಮತ್ತು ಸ್ಪೆಷಲ್ ಎಫೆಕ್ಟ್ಸಿಗೆ. ಅಂದರೆ ಸುಳ್ಳನ್ನ ನಿಜದ ಥರ ತೋರಿಸಿದ ಕಸುಬಿಗೆ, ಕತ್ತಿಯ ಹರಿತಕ್ಕಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಅಷ್ಟೇ, ಗಿರಾಕಿಗಳ ಅಸಲಿ ಅಕೌಂಟಿನ ಮೇಲೆ ಟೆಸ್ಟ್ ಓಡಿಸಿದವನನ್ನ ಯಾರೂ ಶೂರ ಅನ್ನಲ್ಲ, ಮನೆಗೆ ಕಳಿಸ್ತಾರೆ.

‘ಕರಗದಲ್ಲಿ ಅಸಲಿ ಕತ್ತೀನೇ ಹಿಡೀತಾರಲ್ಲ?’ ಅಂತ ಕೇಳೋರಿದ್ದಾರೆ. ಹೌದು, ಹಿಡೀತಾರೆ. ಆದರೆ ವೀರಕುಮಾರರು ದೀಕ್ಷೆ ತಗೊಂಡವರು. ಅಲಗು ಸೇವೆಯಲ್ಲಿ ಕತ್ತಿ ತಾಗೋದು ಅವರವರ ಎದೆಗೇ. ಅದು ಹರಕೆ, ಒಪ್ಪಿ ಹೊತ್ತಿದ್ದು. ಬಾಡಿಗೆ ಕುದುರೆ ಥರ ಕರೆಸಿಕೊಂಡ ಫೈಟರ್‌ಗೆ ಯಾವ ಹರಕೆ ಇದೆ?

‘ನೈಜವಾಗಿ ಬರಬೇಕು’ ಅನ್ನೋ ಹುಚ್ಚಿಗೆ ಏನು ಬೆಲೆ ಕೊಟ್ಟಿದ್ದೀವಿ ಅಂತ ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. 2016ರ ನವೆಂಬರ್ 7, ತಿಪ್ಪಗೊಂಡನಹಳ್ಳಿ ಜಲಾಶಯ, ‘ಮಾಸ್ತಿಗುಡಿ’ ಶೂಟಿಂಗ್. ಲೈಫ್ ಜಾಕೆಟ್ ಇಲ್ಲದೆ ಹೆಲಿಕಾಪ್ಟರಿನಿಂದ ಹಾರಿದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಅಲ್ಲಿ ಕತ್ತಿ ಇರಲಿಲ್ಲ, ನೀರಿತ್ತು. ಆದರೆ ಹುಚ್ಚು ಅದೇ. ಈ ಹುಚ್ಚು ಈಗ ಥಿಯೇಟರಿನಿಂದ ಹೊರಗೂ ಬಂದಿದೆ. 2025ರ ಮಾರ್ಚಿನಲ್ಲಿ ಬೆಂಗಳೂರಲ್ಲಿ ರಿಯಾಲಿಟಿ ಶೋ ಖ್ಯಾತಿಯ ಇಬ್ಬರು ಮಚ್ಚು ಹಿಡಿದು ರೀಲ್ಸ್ ಮಾಡಿ ಅರೆಸ್ಟ್ ಆದರು. ಆ ಮಚ್ಚು ಫೈಬರ್‌ದೋ ಅಸಲಿಯೋ ಅನ್ನೋದೇ ಪೊಲೀಸರ ತಲೆನೋವಾಯ್ತು.

ಇನ್ನು ನಮ್ಮೂರ ಕಡೆ ಬರೋಣ. ಆ ಸಿನಿಮಾದ ‘ನರಾಚಿ’ ಕಟ್ಟುಕಥೆ. ನಿಜವಾದ ಕೋಲಾರ ಚಿನ್ನದ ಗಣೀಲಿ ಕತ್ತಿ ಹಿಡಿದ ಗರುಡ ಇರಲಿಲ್ಲ. ಮೊದಲು ಜಾನ್ ಟೇಲರ್ ಕಂಪನಿ ಇತ್ತು, 1956ರಿಂದ ಸರ್ಕಾರ. ಜನರನ್ನ ತಿಂದಿದ್ದು ಡ್ರಿಲ್ಲಿಂಗ್ ಧೂಳು, ಆ ಧೂಳಿನಿಂದ ಬಂದ ಸಿಲಿಕೋಸಿಸ್. ಚಾಂಪಿಯನ್ ರೀಫ್‌ನ ಮೂರು ಕಿಲೋಮೀಟರಿಗೂ ಮೀರಿದ ಆಳದಲ್ಲಿ ಇದ್ದಕ್ಕಿದ್ದಂತೆ ಸಿಡಿಯೋ ಬಂಡೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಿನಿಮಾದವರು ಸೆಟ್ ಹಾಕಿದ ಸೈನೈಡ್ ದಿಬ್ಬಗಳು ಮಾತ್ರ ಅಸಲಿ, ಬೇಸಗೇಲಿ ಗಾಳಿ ಬೀಸಿದರೆ ಆ ಪುಡಿ ಈಗಲೂ ಮನೆಯೊಳಗೆ ಬರುತ್ತೆ. ಕಬ್ಬಿಣ, ಕಲ್ಲು ಮನುಷ್ಯನ ಮೈಗೆ ಏನು ಮಾಡುತ್ತೆ ಅಂತ ನೂರಿಪ್ಪತ್ತು ವರ್ಷ ನೋಡಿದ ಊರು ಇದು. ಈ ಊರಿನ ಹೆಸರಿಟ್ಟುಕೊಂಡ ಸಿನಿಮಾ ನೋಡಿ ಕತ್ತಿ ಒರಿಜಿನಲ್ಲಾ ಅಂತ ಕೇಳ್ತೀರಲ್ಲ, ಆ ಧೂಳು ಒರಿಜಿನಲ್ಲಾ ಅಂತ ಒಬ್ಬರಾದರೂ ಕೇಳಿದ್ದೀರಾ?

ಕತ್ತಿ ರಬ್ಬರಿಂದೇ ಇರಲಿ. ಸಂಜೆ ಪ್ಯಾಕಪ್ ಆದಮೇಲೆ ಫೈಟರ್ ಹತ್ತು ಬೆರಳೂ ಇಟ್ಟುಕೊಂಡು ಮನೆಗೆ ಹೋಗಲಿ. ನಿಜ ಬೇಕೇಬೇಕು ಅನ್ನೋರು ಬಂಗಾರಪೇಟೇಲಿ ಇಳಿದು ಮಾರಿಕುಪ್ಪಂ ಟ್ರೈನ್ ಹತ್ತಿ. ಗಣಿ ಕಾಲೋನಿಯ ಒಂದು ಕೋಣೆ ಮನೇಲಿ ಕೆಮ್ಮುತ್ತಾ ಕೂತಿರೋ ಹಳೇ ಕಾರ್ಮಿಕರನ್ನ ಮಾತಾಡಿಸಿ. ಅಲ್ಲಿ ಯಾವುದೂ ಡಮ್ಮಿ ಇಲ್ಲ.