ಬಂಗಾರ ಎಲ್ಲಿ ಇಡಬೇಕು?

ಮೊದಲೇ ಒಪ್ಪಿಕೊಂಡು ಬಿಡ್ತೀನಿ. ಫಸ್ಟ್ ಇಯರ್‌ನಲ್ಲಿ ನಾನೂ ಒಂದು 'ಫಸ್ಟ್ ಕಾಪಿ' ವಾಚ್ ತಗೊಂಡಿದ್ದೆ. ಸ್ಟೀಲ್ ಬಣ್ಣದ ಚೈನು, ನಡುವೆ ಬಂಗಾರದ ಬಣ್ಣದ ಸಾಲು. ಟೂ-ಟೋನ್! 1,800 ರೂಪಾಯಿ. ಹಾಸ್ಟೆಲ್‌ನಲ್ಲಿ ಎಲ್ಲರೂ ಕೈ ಹಿಡಿದು ನೋಡಿದ್ರು. ನಾಲ್ಕೇ ತಿಂಗಳಿಗೆ ಬಕಲ್ ಹತ್ತಿರ ಬಂಗಾರ ಅಳಿಸಿ ಹೋಯ್ತು.

ದೀಪಾವಳಿಗೆ ಲಕ್ಷ್ಮೇಶ್ವರಕ್ಕೆ ಹೋದಾಗ ಅಜ್ಜ ಕೇಳಿದ: "ಎಷ್ಟ್ ಕೊಟ್ಟೀಯೋ ತಮ್ಮಾ ಇದಕ್ಕ?" ಗೆಳೆಯ ಕೊಟ್ಟಿದ್ದು ಅಂತ ಸುಳ್ಳು ಹೇಳಿದೆ. ಅಜ್ಜ ಏನೂ ಅನ್ನಲಿಲ್ಲ. ಮದುವೇಲಿ ಬಂದ ತನ್ನ ಎಚ್‌ಎಂಟಿ ಸೋನಾ ಬಿಚ್ಚಿ, ಬೆನ್ನು ಮೇಲೆ ಮಾಡಿ ನನ್ನ ಅಂಗೈಲಿಟ್ಟ. ಮುಂದೆ ಬಂಗಾರದ ಲೇಪ, ಹಿಂದೆ ಸ್ಟೀಲ್. ಅಂಚಿನಲ್ಲಿ ಲೇಪ ಸವೆದು ಹಿತ್ತಾಳೆ ಕಾಣ್ತಿತ್ತು. ಅದು ಸವೆಯೋಕೆ ಅಜ್ಜನ ಅರ್ಧ ಆಯುಷ್ಯ ಬೇಕಾಗಿತ್ತು.

ಆಗ ಹೊಳೀತು, ಇದೂ ಟೂ-ಟೋನೇ! ಆದರೆ ಶೋಕಿಗೆ ಮಾಡಿದ್ದಲ್ಲ. ಬೆವರು ತಾಗುವ ಬೆನ್ನಿಗೆ ತುಕ್ಕು ಹಿಡಿಯದ ಸ್ಟೀಲ್, ಜನ ನೋಡುವ ಕಡೆ ಬಂಗಾರ. ನನ್ನ ಅಭಿಪ್ರಾಯ ಇಷ್ಟೇ: ಟೂ-ಟೋನ್ ಅಂದ್ರೆ ಬಣ್ಣ ಅಲ್ಲ, ಯಾವ ಲೋಹ ಎಲ್ಲಿರಬೇಕು ಅನ್ನೋ ನಿರ್ಧಾರ.

ದುಬಾರಿ ವಾಚುಗಳಲ್ಲೂ ಲೆಕ್ಕ ಇದೇ. ರೋಲೆಕ್ಸ್ 1933ರಲ್ಲೇ ಬಂಗಾರ-ಸ್ಟೀಲ್ ಜೋಡಿಗೆ 'ರೋಲೆಸರ್' ಅಂತ ಹೆಸರು ನೋಂದಾಯಿಸಿತು. ಅದರಲ್ಲಿ ಬಂಗಾರ ಲೇಪ ಅಲ್ಲ, ಬೆಜೆಲ್, ಕೀಲಿ, ಚೈನಿನ ನಡುವಿನ ಕೊಂಡಿಗಳು 18 ಕ್ಯಾರೆಟ್ಟಿನ ಗಟ್ಟಿ ಬಂಗಾರ, ಅಂದ್ರೆ 75% ಚಿನ್ನ. ಬಂಗಾರ ಮೆತ್ತಗೆ, ಸ್ಟೀಲ್ ಗಟ್ಟಿ. ಎರಡನ್ನೂ ಒಂದೇ ಚೈನಿನಲ್ಲಿ ಸಂದಿ ಕಾಣದಂಗೆ ಕೂಡಿಸೋದೇ ಅಲ್ಲಿ ಕಸುಬು. ನಮ್ಮ ಕಡೆ ಇಳಕಲ್ ಸೀರೆ ನೋಡಿದವರಿಗೆ ಇದು ಹೊಸದಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸ್ತಾರೆ. ಬಣ್ಣ ಎಲ್ಲರಿಗೂ ಕಾಣುತ್ತೆ, ಕೊಂಡಿ ನೇಕಾರರಿಗೆ ಮಾತ್ರ ಗೊತ್ತು.

ಕೆಮಿಸ್ಟ್ರಿಯಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಐದು ಮಾರ್ಕ್ಸಿಗೆ ಬರೆದು ಬಂದವನು ನಾನು. ಆದರೂ ವಾಚ್ ಕೊಳ್ಳುವಾಗ ಲೇಪ ಎಷ್ಟು ಮೈಕ್ರಾನ್ ದಪ್ಪ ಅಂತ ಕೇಳೋ ಬುದ್ಧಿ ಬರಲಿಲ್ಲ. ನಾಚಿಕೆ ಆಗಬೇಕಾದ್ದು ಇದಕ್ಕೆ, 1,800ಕ್ಕಲ್ಲ.

ಅಜ್ಜನ ವಾಚ್ ಈಚೆಗೆ ನಿಂತು ಹೋಗಿತ್ತು. ಬೆಟಗೇರಿಯ ಒಬ್ಬ ರಿಪೇರಿಯವರ ಹತ್ರ ಒಯ್ದೆ. ಕಣ್ಣಿಗೆ ಲೂಪ್ ಸಿಗಿಸಿ ಒಳಗೆ ತೋರಿಸಿದ್ರು. ಇಂಥ ಹಳೇ ವಾಚುಗಳ ಬ್ಯಾಲೆನ್ಸ್ ವೀಲ್ ಸಾಮಾನ್ಯವಾಗಿ ಗಂಟೆಗೆ 18,000 ಸಲ ತೂಗುತ್ತೆ, ಸೆಕೆಂಡಿಗೆ ಐದು. ದಿನಕ್ಕೆ 30 ಸೆಕೆಂಡ್ ತಪ್ಪಿದ್ರೂ ಎರರ್ 0.035%. ನಮ್ಮ ಲ್ಯಾಬಿನಲ್ಲಿ 5% ಬಂದ್ರೆ ನಾವು ಕುಣೀತೀವಿ! "ಭಾಗ ಸಿಗೂದಿಲ್ಲ, ಇನ್ನೊಂದ್ ಹಳೇ ವಾಚಿಂದ ತಗದ್ ಹಾಕಬೇಕು" ಅಂದ್ರು. ನಿಮ್ಮ ನಂತರ ಯಾರು ಅಂತ ಕೇಳಿದೆ. ನಕ್ಕು ಸುಮ್ಮನಾದ್ರು.

1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಶುರುವಾಯ್ತು. 2016ರಲ್ಲಿ ಸರ್ಕಾರ ಆ ಕಂಪನಿ ಮುಚ್ಚೋಕೆ ಒಪ್ಪಿತು. ಈಗ ಜಾಲಹಳ್ಳಿಯಲ್ಲಿ ಅದರ ಮ್ಯೂಸಿಯಂ ಇದೆ. ಮ್ಯೂಸಿಯಂ ಒಳ್ಳೇದೇ, ಆದರೆ ಅದು ಅಜ್ಜನ ವಾಚ್ ರಿಪೇರಿ ಮಾಡಲ್ಲ. ಆ ವಿದ್ಯೆ ಉಳಿದಿರೋದು ಗದಗ, ಮುಂಡರಗಿ, ಶಿರಹಟ್ಟಿಯಂಥ ಊರುಗಳ ಪೇಟೆಯಲ್ಲಿ ಸಣ್ಣ ಗಾಜಿನ ಪೆಟ್ಟಿಗೆ ಮುಂದೆ ಕೂತವರ ಕೈಯಲ್ಲಿ.

ನಮ್ಮ ಕ್ಲಬ್ಬಿಗೆ ಒಂದು ಸಲಹೆ: ಟೆಕ್ ಫೆಸ್ಟ್‌ಗೆ ಡ್ರೋನ್ ಜೊತೆ ಒಬ್ಬ ವಾಚ್ ರಿಪೇರಿಯವರನ್ನೂ ಕರೆಸೋಣ. ಗೌರವಧನ ಕೊಟ್ಟು, ಒಂದು ದಿನ ವರ್ಕ್‌ಶಾಪ್‌ನಲ್ಲಿ ಟೇಬಲ್ ಹಾಕಿಕೊಡೋಣ. ಮೆಕ್ಯಾನಿಕಲ್‌ನವರು ಮಾತ್ರ ಅಲ್ಲ, ಕೋಡ್ ಬರೆಯೋರೂ ಬನ್ನಿ.

ಅಜ್ಜನ ವಾಚ್ ಮತ್ತೆ ಓಡ್ತಿದೆ. ಕೇಸಿಗೆ ಹೊಸ ಬಂಗಾರದ ನೀರು ಕುಡಿಸಲಾ ಅಂತ ಕೇಳಿದೆ. "ಬ್ಯಾಡ ಬಿಡು, ಸವದದ್ದು ನಂದ ಕೈ" ಅಂದ. 1,800ರ ವಿಷಯ ಆವತ್ತೇ ಹೇಳಿಬಿಟ್ಟೆ. "ನನಗ ಆಗಲೇ ಗೊತ್ತಿತ್ತು" ಅಂದ.