ಮಹಾಯೋಜನೆಯೂ ಪೌರರ ಅಭಿಪ್ರಾಯವೂ

ನಗರದ ಮುಂದಣ ಕಾಲದ ಕ್ಷೇಮವನ್ನು ಚಿಂತಿಸಿ ಮಹಾಯೋಜನೆಯೊಂದನ್ನು ರಚಿಸುವುದೂ ಅದರ ಮೇಲೆ ಪೌರರ ಅಭಿಪ್ರಾಯವನ್ನು ಬೇಡುವುದೂ ಈಗಣ ಪದ್ಧತಿ. ಬೇಡುವ ಬಗೆಯನ್ನು ನೋಡಿದರೆ ಮಾತ್ರ ಸಂತೋಷಪಡತಕ್ಕದ್ದೇನೂ ಕಾಣದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ನಕ್ಷೆಯು ಸಿದ್ಧವಾಗಿ, ಸರ್ಕಾರದ ತಾತ್ಕಾಲಿಕ ಒಪ್ಪಿಗೆಯನ್ನು ಪಡೆದ ಮೇಲೆ ಪ್ರಕಟವಾಗುತ್ತದೆ. ಅಲ್ಲಿಂದ 60 ದಿವಸಗಳೊಳಗೆ ಬರೆವಣಿಗೆಯಲ್ಲಿ ಬಂದ ಅಭಿಪ್ರಾಯಗಳನ್ನು ಪರಿಶೀಲಿಸತಕ್ಕದ್ದು. ಲಗ್ನಪತ್ರಿಕೆ ಅಚ್ಚಾದ ಮೇಲೆ ವರನು ಒಪ್ಪಿಗೆಯೇ ಎಂದು ಮಗಳನ್ನು ಕೇಳಿದಂತಾಯಿತು.

ಕೇಳಬೇಕಾದ ಕಾಲ ನಕ್ಷೆಗಿಂತ ಮುಂಚಿನದು. ಇದಕ್ಕೆ ಚಿತ್ರದುರ್ಗದಲ್ಲಿ ಬೇರೆ ಪ್ರಮಾಣ ಬೇಕಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆಯು ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಅಕ್ಕತಂಗಿ ಹೊಂಡಕ್ಕಿಳಿದು, ಕೆಳಗೆ ಸಿಹಿನೀರು ಹೊಂಡವನ್ನೂ ಸಂತೆಹೊಂಡವನ್ನೂ ಸೇರುವಂತೆ ಪೂರ್ವಿಕರು ಕಟ್ಟಿದರು. ಹೊಂಡಗಳನ್ನು ನಕ್ಷೆಯಲ್ಲಿ ಗುರುತಿಸುವುದು ಸುಲಭ. ಮಳೆಯ ನೀರು ಓಣಿಗಳ ನಡುವೆ ಹರಿಯುವ ಹಾದಿಯಾದರೋ ಬೇಸಗೆಯಲ್ಲಿ ಬಂದ ಅಳತೆಗಾರನ ಕಣ್ಣಿಗೆ ಬೀಳದು. ಅದನ್ನು ಬಲ್ಲವರು ಮಳೆಗಾಲ ಬಂದಾಗಲೆಲ್ಲ ಹೊಸ್ತಿಲಿಗೆ ಮಣ್ಣಿನ ತಡೆ ಹಾಕಿ ಮನೆಯನ್ನು ಉಳಿಸಿಕೊಂಡ ಗೃಹಿಣಿಯರು. ಅವರು ಅರ್ಜಿ ಬರೆಯುವವರಲ್ಲ. ಕಚೇರಿಯ ವೇಳೆಗೆ ಕೂಲಿ ಬಿಟ್ಟು ಬರತಕ್ಕವರೂ ಅಲ್ಲ.

ಸಾಮಾನ್ಯರು ತಂತಮ್ಮ ಬೀದಿಯ ಚರಂಡಿ ದೀಪಗಳನ್ನಲ್ಲದೆ ಬೇರೇನನ್ನೂ ಹೇಳಲಾರರೆಂಬುದು ಬಲ್ಲವರ ವಾದ. ಅದನ್ನೇ ಹೇಳಲಿ! ಇಪ್ಪತ್ತು ಬೀದಿಗಳ ಚರಂಡಿಯ ದೂರನ್ನು ಒಂದೆಡೆ ಇಟ್ಟು ನೋಡಿದರೆ ಊರಿನ ಇಳಿಜಾರು ತಾನಾಗಿ ತಿಳಿಯುವುದು.

ವಿಚಿತ್ರವೆಂದರೆ, ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯ ರೈತನಿಗೆ ಗ್ರಾಮಸಭೆಯಲ್ಲಿ ಎದ್ದುನಿಂತು ಮಾತನಾಡುವ ಹಕ್ಕುಂಟು. ಸಂವಿಧಾನದ 74ನೆಯ ತಿದ್ದುಪಡಿಯು ವಾರ್ಡು ಸಮಿತಿಗಳನ್ನು ಕಡ್ಡಾಯ ಮಾಡಿದ್ದಾದರೋ 3 ಲಕ್ಷವೂ ಅದಕ್ಕೆ ಮೇಲ್ಪಟ್ಟೂ ಜನರಿರುವ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಚಿತ್ರದುರ್ಗ ಅದರ ಅರ್ಧವನ್ನೂ ಮುಟ್ಟಲಿಲ್ಲ. ಕಾನೂನು ಕಡ್ಡಾಯ ಮಾಡದ್ದನ್ನು ನಿಷೇಧಿಸಿದೆಯೆಂದೇ ತಿಳಿದು ಸುಮ್ಮನಿರುವುದು ಸೋಮಾರಿಗಳ ತರ್ಕ.

ಇನ್ನು ಯಾರನ್ನು ಕೇಳಬೇಕೆಂಬ ವಿಷಯ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರದ ನೀರು ದುರ್ಗದ ನಲ್ಲಿಗಳಿಗೆ ಬರುತ್ತದೆ. 1933ರ ತರುವಾಯ 2022ರಲ್ಲಿ ಅದು ಕೋಡಿಬಿದ್ದಾಗ ಕೆಳಗಣ ಹಿರಿಯೂರಿನ ರೈತರು ಹಿಗ್ಗಿದರು. ಮೇಲಣ ಹೊಸದುರ್ಗ ತಾಲ್ಲೂಕಿನಲ್ಲಿ ಹಿನ್ನೀರು ಹೊಲತೋಟಗಳಿಗೆ ನುಗ್ಗಿತು. ಒಬ್ಬರ ಬಾಗಿನ ಇನ್ನೊಬ್ಬರ ಮುಳುಗಡೆ. ಕುಡಿಯುವ ನೀರು ಇವರಿಬ್ಬರ ನಡುವಿನಿಂದ ಬರುತ್ತಿರುವಾಗ, ನಗರದ ಎಲ್ಲೆಗಲ್ಲಿನಲ್ಲಿಯೇ ನಿಂತುಬಿಡುವ ಅಭಿಪ್ರಾಯಸಂಗ್ರಹವನ್ನು ಸಂಗ್ರಹವೆನ್ನುವುದು ಹೇಗೆ?

ಮುಂದಿನ ಯೋಜನೆಯ ಅಧಿಕಾರಿಗಳು ಅಳತೆಗೆ ಹೊರಡುವ ಮುನ್ನ ಭಾನುವಾರದ ಸಂಜೆಗಳಲ್ಲಿ ವಾರ್ಡಿನ ಶಾಲೆಗಳಲ್ಲಿ ಸಭೆ ಸೇರಿಸಲಿ. ಹಿರಿಯೂರು ಹೊಸದುರ್ಗಗಳವರನ್ನೂ ಕರೆಯಲಿ. ಆಡಿದ ಮಾತನ್ನು ಗುಮಾಸ್ತೆಯು ಕನ್ನಡದಲ್ಲಿ ಬರೆದುಕೊಂಡು ಅಲ್ಲಿಯೇ ಓದಿ ಹೇಳಲಿ. ಒಪ್ಪಿದ್ದು ಯಾವುದು, ಬಿಟ್ಟದ್ದು ಯಾವುದು, ಬಿಟ್ಟದ್ದು ಏತಕ್ಕೆ ಎಂಬುದನ್ನು ಸಂತೆಹೊಂಡದ ಬಳಿ, ದಾರಿಹೋಕರು ನಿಂತು ಓದುವಂತೆ, ಹಲಗೆಯ ಮೇಲೆ ಹಚ್ಚಲಿ.