ತೆರೆ ಕಾಣದ ಚಿತ್ರದ ಸದ್ದು: ಶ್ರೀರಂಗಪಟ್ಟಣದ ಕಥೆಗೆ ಸಾಕ್ಷ್ಯ ಕೇಳಬೇಕಾದವರು ಯಾರು?

ಪ್ರತಿ ಶುಕ್ರವಾರ ಹೊಸ ಚಿತ್ರಗಳು ತೆರೆಗೆ ಬರುತ್ತವೆ. ಅವುಗಳ ಹಿಂದೆ ಮುಂದೆ ಹಾಡುಗಳು ಬಿಡುಗಡೆಯಾಗುತ್ತವೆ. ಭಾನುವಾರ ಬೆಳಗ್ಗೆ ಸಭಾಂಗಣಗಳಲ್ಲಿ ಪುಸ್ತಕಗಳು ಲೋಕಾರ್ಪಣೆಗೊಳ್ಳುತ್ತವೆ. ವಾರದ ಹೊಸತುಗಳ ಈ ಪಟ್ಟಿಗೆ ಒಮ್ಮೆಯೂ ಸೇರದ, ಒಂದು ದೃಶ್ಯವೂ ಚಿತ್ರೀಕರಣಗೊಳ್ಳದ ಸಿನಿಮಾವೊಂದು ಮಂಡ್ಯ ಜಿಲ್ಲೆಯಲ್ಲಿ ಎಬ್ಬಿಸಿದ ಸದ್ದನ್ನು ನೂರು ದಿನ ಓಡಿದ ಚಿತ್ರಗಳೂ ಎಬ್ಬಿಸಿರಲಾರವು. 2023ರ ಮಾರ್ಚ್‌ನಲ್ಲಿ ಅಂದಿನ ತೋಟಗಾರಿಕಾ ಸಚಿವ ಹಾಗೂ ಚಿತ್ರ ನಿರ್ಮಾಪಕ ಮುನಿರತ್ನ ಅವರು ‘ಉರಿಗೌಡ ನಂಜೇಗೌಡ’ ಎಂಬ ಶೀರ್ಷಿಕೆಯ ಚಿತ್ರವನ್ನು ಘೋಷಿಸಿದರು. ಕೆಲವೇ ದಿನಗಳಲ್ಲಿ ಕೈಬಿಟ್ಟರು.

ಅದು ಮುಗಿದ ಅಧ್ಯಾಯ ಎಂದು ಭಾವಿಸುವವರಿದ್ದಾರೆ. ಆದರೆ ಪುಸ್ತಕ, ನಾಟಕ, ರಾಜಕೀಯ ಭಾಷಣ, ಸ್ವಾಗತ ಕಮಾನು, ಕೊನೆಗೆ ಸಿನಿಮಾ ಶೀರ್ಷಿಕೆ ಎಂಬ ಕ್ರಮದಲ್ಲಿ ಎರಡು ಹೆಸರುಗಳು ಐದೇ ತಿಂಗಳಲ್ಲಿ ಇತಿಹಾಸದ ಹೊಸ್ತಿಲವರೆಗೆ ನಡೆದುಬಂದ ಬಗೆ ಸಾಮಾನ್ಯವಾದುದಲ್ಲ. ಅವುಗಳನ್ನು ತಡೆದು ನಿಲ್ಲಿಸಿದವರು ಯಾರು, ತಡೆಯಬೇಕಾಗಿದ್ದವರು ಯಾರು ಎಂಬುದನ್ನು ಕಾವು ಇಳಿದ ಮೇಲೆ ನೋಡುವುದೇ ಒಳ್ಳೆಯದು.

ಆರಂಭ 2022ರ ನವೆಂಬರ್. ಮೈಸೂರು ರಂಗಾಯಣದ ಅಂದಿನ ನಿರ್ದೇಶಕ ಅಡ್ಡಂಡ ಸಿ. ಕಾರ್ಯಪ್ಪ ಅವರ ‘ಟಿಪ್ಪು ನಿಜಕನಸುಗಳು’ ನಾಟಕ ಪುಸ್ತಕರೂಪದಲ್ಲಿ ಹೊರಬಂದು, ಅದೇ ತಿಂಗಳು ರಂಗವನ್ನೂ ಏರಿತು. ಟಿಪ್ಪು ಸುಲ್ತಾನನನ್ನು ಕೊಂದವರು ಬ್ರಿಟಿಷ್ ಸೈನಿಕರಲ್ಲ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಎಂಬುದು ಅದರ ಪ್ರತಿಪಾದನೆ. ಬೆಂಗಳೂರಿನ ಸಿವಿಲ್ ನ್ಯಾಯಾಲಯ ಪುಸ್ತಕದ ಮಾರಾಟಕ್ಕೆ ಮಧ್ಯಂತರ ತಡೆ ನೀಡಿತು. ನಾಟಕದ ಪ್ರದರ್ಶನ ಮುಂದುವರಿಯಿತು. 2023ರ ಫೆಬ್ರುವರಿಯಲ್ಲಿ ಅಂದಿನ ಉನ್ನತ ಶಿಕ್ಷಣ ಸಚಿವ ಸಿ.ಎನ್. ಅಶ್ವತ್ಥನಾರಾಯಣ ಅವರು ಮಂಡ್ಯ ಜಿಲ್ಲೆಯ ಸಭೆಯೊಂದರಲ್ಲಿ, ಈ ಇಬ್ಬರು ಟಿಪ್ಪುವಿಗೆ ಮಾಡಿದ್ದನ್ನೇ ಸಿದ್ದರಾಮಯ್ಯ ಅವರಿಗೂ ಮಾಡಬೇಕೆಂಬರ್ಥದ ಮಾತನಾಡಿ, ಅನಂತರ ವಿಷಾದ ವ್ಯಕ್ತಪಡಿಸಿದರು. ರಂಗದ ಮೇಲಿನ ಪಾತ್ರಗಳು ಮೂರೇ ತಿಂಗಳಲ್ಲಿ ಚುನಾವಣಾ ವೇದಿಕೆಯ ಗಾದೆಯಾಗಿದ್ದವು.

ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಗೆ ಪ್ರಧಾನಿ ನರೇಂದ್ರ ಮೋದಿ ಮಂಡ್ಯಕ್ಕೆ ಬಂದಾಗ ಸ್ವಾಗತ ಕಮಾನೊಂದರ ಮೇಲೆ ಇದೇ ಎರಡು ಹೆಸರುಗಳು ಕಾಣಿಸಿಕೊಂಡವು. ಆಕ್ಷೇಪ ಎದ್ದೊಡನೆ ಅವನ್ನು ತೆಗೆದು ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರನ್ನು ಹಾಕಲಾಯಿತು. ಅದರ ಬೆನ್ನಿಗೇ ಸಿನಿಮಾ ಘೋಷಣೆ. ಆಧಾರವೇನು ಎಂದು ಕೇಳಿದಾಗ ಬಿಜೆಪಿಯ ನಾಯಕರು ಮುಂದಿಟ್ಟದ್ದು ‘ಸುವರ್ಣ ಮಂಡ್ಯ’ ಎಂಬ ಗ್ರಂಥದ ಉಲ್ಲೇಖವನ್ನು. ಇದು ಒಕ್ಕಲಿಗರಿಗೆ ಕೊಲೆಗಡುಕರ ಪಟ್ಟ ಕಟ್ಟುವ ಹುನ್ನಾರ ಎಂಬುದು ಎಚ್.ಡಿ. ಕುಮಾರಸ್ವಾಮಿ ಅವರ ಪ್ರತಿವಾದವಾಗಿತ್ತು. ಒಂದೇ ಕಥೆ ಒಬ್ಬರಿಗೆ ಸಮುದಾಯದ ಕೀರ್ತಿಯಾಗಿಯೂ ಇನ್ನೊಬ್ಬರಿಗೆ ಕಳಂಕವಾಗಿಯೂ ಕಂಡಿತು. ಇಬ್ಬರೂ ಲೆಕ್ಕ ಹಾಕುತ್ತಿದ್ದುದು ಒಂದೇ ಮತಪೆಟ್ಟಿಗೆಯನ್ನು.

ಇನ್ನು ಇತಿಹಾಸ ಹೇಳುವುದೇನು? 1799ರ ಮೇ 4ರ ಮಧ್ಯಾಹ್ನ ಬ್ರಿಟಿಷ್ ಪಡೆ ಕೋಟೆಯ ಬಿರುಕಿನಿಂದ ಒಳನುಗ್ಗಿತು. ಸಂಜೆ ಕವಿದ ಮೇಲೆ, ದೀಪಗಳ ಬೆಳಕಿನಲ್ಲಿ, ಕೋಟೆಬಾಗಿಲೊಂದರಡಿ ಹೆಣಗಳ ರಾಶಿಯ ನಡುವೆ ಟಿಪ್ಪುವಿನ ದೇಹ ಸಿಕ್ಕಿತು. ಸೊಂಟದ ಪಟ್ಟಿಯನ್ನು ಕಸಿಯಲು ಬಂದ ಸೈನಿಕನೊಬ್ಬನ ಮೇಲೆ ಗಾಯಗೊಂಡ ಟಿಪ್ಪು ಕತ್ತಿ ಬೀಸಿದನೆಂದೂ, ಆತ ಹಣೆಯ ಬಳಿಗೆ ಗುಂಡು ಹಾರಿಸಿದನೆಂದೂ ಅಂದಿನ ಬ್ರಿಟಿಷ್ ವೃತ್ತಾಂತಗಳು ಹೇಳುತ್ತವೆ. ಯುದ್ಧದಲ್ಲಿ ಪಾಲ್ಗೊಂಡಿದ್ದ ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲೇ ಈ ಸಮರದ ವಿವರವಾದ ಗ್ರಂಥ ಪ್ರಕಟಿಸಿದ. ಆದರೂ ಗುಂಡು ಹಾರಿಸಿದವನ ಹೆಸರು ಮಾತ್ರ ದಾಖಲೆಗೆ ಬಂದಿಲ್ಲ. ಶ್ರೀರಂಗಪಟ್ಟಣದಲ್ಲಿ ಇಂದು ಪ್ರವಾಸಿಗಳು ನೋಡುವ ಕಲ್ಲು ಕೂಡ ದೇಹ ಇಲ್ಲಿ ದೊರೆಯಿತು ಎಂದಷ್ಟೇ ಹೇಳುತ್ತದೆ.

ಕೊಂದವನ ಹೆಸರಿಲ್ಲದ ಆ ಖಾಲಿ ಜಾಗವೇ ಎಲ್ಲ ಕಥೆಗಳ ತವರು. ಖಾಲಿ ಜಾಗವನ್ನು ತುಂಬುವ ಹಕ್ಕು ಕಲೆಗಾರನಿಗೆ ಇದೆಯೇ ಎಂದರೆ, ಖಂಡಿತ ಇದೆ. ಎರಡು ಶತಮಾನಗಳಿಂದ ಆತ ಅದನ್ನು ತುಂಬುತ್ತಲೇ ಬಂದಿದ್ದಾನೆ.

ಕೋಟೆ ಬಿದ್ದ ಮರುವರ್ಷವೇ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಕಲಾವಿದ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಚಿತ್ರಪಟವಾಗಿ ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶನಕ್ಕಿಟ್ಟ. ಜನ ಹಣ ಕೊಟ್ಟು ನೋಡಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಆ ಋತುವಿನ ಭರ್ಜರಿ ಬಿಡುಗಡೆ. 1868ರಲ್ಲಿ ವಿಲ್ಕಿ ಕಾಲಿನ್ಸ್ ಬರೆದ ‘ದ ಮೂನ್‌ಸ್ಟೋನ್’ ಕಾದಂಬರಿ ತೆರೆದುಕೊಳ್ಳುವುದೇ ಶ್ರೀರಂಗಪಟ್ಟಣದ ಲೂಟಿಯಿಂದ. ಇತ್ತ ಕನ್ನಡದ ಹಳ್ಳಿಗಳಲ್ಲಿ ಲಾವಣಿಕಾರರು ಡಪ್ಪು ಬಡಿಯುತ್ತ ಟಿಪ್ಪುವಿನ ಕಥೆಯನ್ನು ಹಾಡಿದರು. ನಮ್ಮ ಸಿನಿಮಾ ಕೂಡ ಹಿಂದೆ ಬೀಳಲಿಲ್ಲ. ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರ ಕಥೆಯನ್ನು ರಾಜ್‌ಕುಮಾರ್ ಅಭಿನಯದ ‘ರಣಧೀರ ಕಂಠೀರವ’ 1960ರಲ್ಲಿ ತೆರೆಗೆ ತಂದಿತು. ಅದರಲ್ಲಿ ಕಲ್ಪನೆಯ ಪಾಲು ಧಾರಾಳವಾಗಿದ್ದರೂ ಅದನ್ನು ಪಠ್ಯಪುಸ್ತಕವೆಂದು ಭ್ರಮಿಸಿದವರು ಯಾರೂ ಇರಲಿಲ್ಲ.

ಭಗವಾನ್ ಗಿಡ್ವಾನಿಯವರ 1976ರ ಕಾದಂಬರಿ ಆಧರಿಸಿ ಸಂಜಯ್ ಖಾನ್ ನಿರ್ಮಿಸಿದ ‘ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯನ್ನು ಮೈಸೂರಿನವರು ಬೇರೊಂದು ಕಾರಣಕ್ಕೂ ಮರೆಯಲಾರರು. 1989ರ ಫೆಬ್ರುವರಿ 8ರಂದು ಪ್ರೀಮಿಯರ್ ಸ್ಟುಡಿಯೊದಲ್ಲಿ ಅದರ ಚಿತ್ರೀಕರಣದ ವೇಳೆ ಹೊತ್ತಿದ ಬೆಂಕಿ 62 ಜನರನ್ನು ಬಲಿ ತೆಗೆದುಕೊಂಡಿತು. ಆ ಧಾರಾವಾಹಿಯೂ ವಿವಾದಕ್ಕೆ ಸಿಲುಕಿತ್ತು. ಟಿಪ್ಪುವನ್ನು ಅತಿಯಾಗಿ ಹೊಗಳಲಾಗಿದೆ ಎಂಬುದು ಆಗಿನ ದೂರು. ಕೊನೆಗೆ, ಇದು ಕಾದಂಬರಿಯನ್ನು ಆಧರಿಸಿದ ಕಥನ ಎಂಬ ಸೂಚನೆಯೊಂದಿಗೆ ದೂರದರ್ಶನದಲ್ಲಿ ಪ್ರಸಾರವಾಯಿತು. ಗಿರೀಶ ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ಇನ್ನೊಂದು ಮಾದರಿ. ಬಿಬಿಸಿ ರೇಡಿಯೊಗಾಗಿ ಹುಟ್ಟಿದ ಆ ನಾಟಕಕ್ಕೆ ಟಿಪ್ಪು ತಾನೇ ಬರೆದಿಟ್ಟುಕೊಂಡ ಕನಸುಗಳ ದಾಖಲೆ ಆಧಾರ. ಮೂಲ ಹಸ್ತಪ್ರತಿ ಲಂಡನ್ನಿನಲ್ಲಿದೆ. ಬೇಕಾದವರು ಹೋಗಿ ನೋಡಬಹುದು. ಕಾರ್ನಾಡರ ಟಿಪ್ಪುವನ್ನು ಒಪ್ಪದವರೂ ಈ ಆಧಾರವನ್ನು ಅಲ್ಲಗಳೆಯಲಾರರು.

‘ಟಿಪ್ಪು ನಿಜಕನಸುಗಳು’ ಎಂಬ ಶೀರ್ಷಿಕೆ ಕಾರ್ನಾಡರಿಗೆ ಕೊಟ್ಟ ಉತ್ತರ ಎಂಬುದು ಸ್ಪಷ್ಟ. ಒಂದು ನಾಟಕಕ್ಕೆ ಇನ್ನೊಂದು ನಾಟಕದಿಂದ ಉತ್ತರ ಕೊಡುವುದು ಆರೋಗ್ಯಕರವೇ. ತೊಡಕು ಇರುವುದು ‘ನಿಜ’ ಎಂಬ ಎರಡಕ್ಷರದಲ್ಲಿ. ಕಲ್ಪನೆ ತನ್ನನ್ನು ಕಲ್ಪನೆಯೆಂದು ಕರೆದುಕೊಂಡರೆ ಅದಕ್ಕೆ ಸಾಕ್ಷ್ಯ ಕೇಳುವುದು ಮೂರ್ಖತನ. ನಿಜವೆಂದು ಕರೆದುಕೊಂಡರೆ ಕೇಳದಿರುವುದು ಬೇಜವಾಬ್ದಾರಿ. ಮೇಲಾಗಿ ರಂಗಾಯಣ ಖಾಸಗಿ ತಂಡವಲ್ಲ. ಬಿ.ವಿ. ಕಾರಂತರ ಸಾರಥ್ಯದಲ್ಲಿ 1989ರಲ್ಲಿ ಆರಂಭವಾದ ಸರ್ಕಾರಿ ರೆಪರ್ಟರಿ ಅದು. ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆ ‘ನಿಜ’ ಎಂಬ ಹಣೆಪಟ್ಟಿ ಹಚ್ಚುವಾಗ, ಮೈಸೂರಿನಲ್ಲೇ ಇರುವ ವಿಶ್ವವಿದ್ಯಾಲಯದ ಇತಿಹಾಸಕಾರರ ಮುಂದೆ ಹಸ್ತಪ್ರತಿ ಇಡುವುದು ಕಷ್ಟದ ಕೆಲಸವೇನೂ ಆಗಿರಲಿಲ್ಲ.

ಸಿನಿಮಾ ಕ್ಷೇತ್ರದ ವ್ಯವಸ್ಥೆಯಂತೂ ಇಂತಹ ಪ್ರಶ್ನೆಗಾಗಿ ರೂಪುಗೊಂಡೇ ಇಲ್ಲ. ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಾಯಿಸುವುದೆಂದರೆ, ಅದೇ ಹೆಸರನ್ನು ಇನ್ನೊಬ್ಬ ನಿರ್ಮಾಪಕ ಬಳಸದಂತೆ ನೋಡಿಕೊಳ್ಳುವುದು; ಅದು ವ್ಯಾಪಾರದ ಶಿಸ್ತು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಸೆನ್ಸಾರ್ ಮಂಡಳಿ ನೋಡುವುದು ಪೂರ್ಣಗೊಂಡ ಚಿತ್ರವನ್ನು ಮಾತ್ರ, ಅದೂ ಇತಿಹಾಸದ ಪರೀಕ್ಷಕನಾಗಿ ಅಲ್ಲ. ಹೀಗೆ ಶೀರ್ಷಿಕೆಯ ಘೋಷಣೆಗೂ ಪ್ರಮಾಣಪತ್ರಕ್ಕೂ ನಡುವಿನ ಒಂದೆರಡು ವರ್ಷ ಆ ಎರಡು ಹೆಸರುಗಳಿಗೆ ಸುಲಭವಾಗಿ ಸಿಗುತ್ತಿದ್ದವು. ಚುನಾವಣೆಗೆ ಬೇಕಿದ್ದುದು ಎರಡೇ ತಿಂಗಳು. ಚಿತ್ರ ಮುಗಿಯುವುದೇ ಬೇಕಿರಲಿಲ್ಲ, ಘೋಷಣೆಯೇ ಸಾಕಿತ್ತು ಎಂದು ಅನುಮಾನಿಸಿದವರನ್ನು ಸಿನಿಕರೆಂದು ತಳ್ಳಿಹಾಕುವುದು ಕಷ್ಟ.

ಕೊನೆಗೆ ಸಾಕ್ಷ್ಯ ಕೇಳಿದ್ದು ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠ. 2023ರ ಮಾರ್ಚ್ 20ರಂದು ಮುನಿರತ್ನ ಅವರು ನಿರ್ಮಲಾನಂದನಾಥ ಸ್ವಾಮೀಜಿಯವರನ್ನು ಭೇಟಿಯಾದರು. ಬಳಿಕ ಚಿತ್ರ ಮಾಡುವುದಿಲ್ಲವೆಂದು ಪ್ರಕಟಿಸಿದರು. ಸೂಕ್ತ ದಾಖಲೆಗಳಿಲ್ಲದೆ ಗೊಂದಲ ಸೃಷ್ಟಿಸುವುದು ಬೇಡ ಎಂಬುದು ಸ್ವಾಮೀಜಿಯವರ ನಿಲುವಾಗಿತ್ತು. ಮಾತು ಸರಿಯಾದುದೇ, ಸಮಯಕ್ಕೂ ಸರಿಯಾಗಿ ಬಂತು. ಆದರೆ ವಿಶ್ವವಿದ್ಯಾಲಯ, ಅಕಾಡೆಮಿ, ಪುರಾತತ್ವ ಇಲಾಖೆ ಕೇಳಬೇಕಿದ್ದ ಪ್ರಶ್ನೆಯನ್ನು ಸಮುದಾಯದ ಮಠವೊಂದು ಕೇಳಬೇಕಾಗಿ ಬಂದುದು ನೆಮ್ಮದಿಯ ಸಂಗತಿಯೇನಲ್ಲ. ನಾಳೆ ಇನ್ನಾವುದೋ ಮಠ, ಆಧಾರವುಳ್ಳ ಪುಸ್ತಕವನ್ನೇ ಬೇಡವೆಂದರೆ ಅದಕ್ಕೂ ಇದೇ ತೂಕ ಸಿಗುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ಘೋಷಣೆಯಾದ ‘ಟಿಪ್ಪು’ ಎಂಬ ಇನ್ನೊಂದು ಚಿತ್ರವನ್ನು ನಿರ್ಮಾಪಕ ಸಂದೀಪ್ ಸಿಂಗ್ ಜುಲೈನಲ್ಲಿ ಕೈಬಿಟ್ಟರು. ಅವರು ಕೊಟ್ಟ ಕಾರಣ ಬೆದರಿಕೆ. ಎರಡೂ ಚಿತ್ರಗಳ ವಿಷಯದಲ್ಲಿ ಇತಿಹಾಸಕಾರರ ಮಾತು ನಿರ್ಣಾಯಕವಾಗಲಿಲ್ಲ.

ಟಿಪ್ಪುವಿನ ಹೆಸರನ್ನು ಬೇಕಾದಾಗ ಬೇಕಾದಂತೆ ಬಳಸಿದ ದೋಷ ಒಂದೇ ಪಕ್ಷದ್ದಲ್ಲ. 2015ರಲ್ಲಿ ಕಾಂಗ್ರೆಸ್ ಸರ್ಕಾರ ಟಿಪ್ಪು ಜಯಂತಿಯನ್ನು ಸರ್ಕಾರಿ ಆಚರಣೆಯಾಗಿಸಿದಾಗ ಕೊಡಗಿನ ಭಾವನೆಯನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ, ಮಡಿಕೇರಿಯಲ್ಲಿ ಜೀವಹಾನಿಯಾಯಿತು. 2019ರಲ್ಲಿ ಮುಖ್ಯಮಂತ್ರಿಯಾದೊಡನೆ ಆ ಆಚರಣೆಯನ್ನು ರದ್ದುಪಡಿಸಿದ ಬಿ.ಎಸ್. ಯಡಿಯೂರಪ್ಪ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯವರು. ಕೆಜೆಪಿ ಕಟ್ಟಿದ್ದ ದಿನಗಳಲ್ಲಿ ಅವರೇ ಟಿಪ್ಪು ಮಾದರಿಯ ಪೇಟ ಧರಿಸಿದ್ದ ಭಾವಚಿತ್ರವನ್ನು ವಿರೋಧಿಗಳು ಇಂದಿಗೂ ಜೋಪಾನವಾಗಿಟ್ಟುಕೊಂಡಿದ್ದಾರೆ.

ವಿಪರ್ಯಾಸವೆಂದರೆ, ನಿಜವಾದ ನೆನಪುಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನೇ ನೋಡಿ. ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಬ್ರಿಟಿಷರೊಡನೆ ಮಾತುಕತೆ ನಡೆಸಿದ ತಿರುಮಲರಾಯನ ಬಂಧುಗಳನ್ನು ಟಿಪ್ಪು ನರಕ ಚತುರ್ದಶಿಯಂದು ಕೊಲ್ಲಿಸಿದನೆಂಬ ನೆನಪು ಮಂಡಯಂ ಅಯ್ಯಂಗಾರ್ ಮನೆತನಗಳಲ್ಲಿದೆ. ಆ ಕಾರಣಕ್ಕೇ ದೀಪಾವಳಿ ಆಚರಿಸದ ಕುಟುಂಬಗಳಿವೆ. ಅದೇ ಮೇಲುಕೋಟೆಯ ಚೆಲುವನಾರಾಯಣ ಸ್ವಾಮಿಗೆ ಟಿಪ್ಪು ಕಾಣಿಕೆ ಸಲ್ಲಿಸಿದ್ದೂ ಉಂಟು. ಪಾಂಡವಪುರ ಪಟ್ಟಣವನ್ನು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದುದೇ ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ. ಒಂದೇ ಬೆಟ್ಟದ ಮೇಲೆ ಕ್ರೌರ್ಯದ ನೆನಪು ಮತ್ತು ಕಾಣಿಕೆಯ ನೆನಪು ಒಟ್ಟಿಗೆ ಬದುಕಿರುವ ಈ ವಸ್ತು ಯಾವ ಕಾದಂಬರಿಕಾರನಿಗೂ ಸವಾಲು. ಅದನ್ನು ಬದಿಗಿಟ್ಟು ಹೆಸರಿನ ಆಚೆಗೆ ಮುಖವೇ ಇಲ್ಲದ ಇಬ್ಬರ ಹಿಂದೆ ಹೋಗಲು ಕಾರಣ ಒಂದೇ: ಮೇಲುಕೋಟೆಯ ಕಥೆಯಲ್ಲಿ ಯಾರಿಗೂ ಸಲೀಸಾದ ಜಯಕಾರವಿಲ್ಲ.

2023ರ ಮೇ ತಿಂಗಳ ಚುನಾವಣೆಯಲ್ಲಿ ಶ್ರೀರಂಗಪಟ್ಟಣ ಮತ್ತು ನಾಗಮಂಗಲ ಕಾಂಗ್ರೆಸ್ ಪಾಲಾದವು, ಕೆ.ಆರ್. ಪೇಟೆ ಜೆಡಿಎಸ್‌ಗೆ ದಕ್ಕಿತು, ಪಾಂಡವಪುರವನ್ನೊಳಗೊಂಡ ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕ ಪಕ್ಷ ಗೆದ್ದಿತು. ಕಬ್ಬಿನ ಬೆಲೆ, ನೀರು, ಜಾತಿ, ಅಭ್ಯರ್ಥಿ ಎಲ್ಲವೂ ಅದರಲ್ಲಿ ಸೇರಿರುವುದರಿಂದ ಇದನ್ನು ಕಥೆಗೆ ಸಿಕ್ಕ ತೀರ್ಪೆಂದು ಓದುವುದು ತಪ್ಪಾದೀತು. ಆದರೆ ಕಥೆ ಮತ ತರಲಿಲ್ಲ ಎಂಬುದಂತೂ ದಿಟ. ಮರುವರ್ಷದ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟವು. ಅದಕ್ಕೂ ಕೈಬಿಟ್ಟ ಸಿನಿಮಾಕ್ಕೂ ಸಂಬಂಧ ಕಲ್ಪಿಸುವಂತಿಲ್ಲ. ಇಂತಹ ಊರುಗಳಲ್ಲಿ ‘ನಿಜ’ ಎಂಬ ಪದವನ್ನು ಎಷ್ಟು ಎಚ್ಚರದಿಂದ ಬಳಸಬೇಕೆಂಬುದನ್ನು ಮಾತ್ರ ಅದು ನೆನಪಿಸುತ್ತದೆ.

ಉರಿಗೌಡ, ನಂಜೇಗೌಡ ಜನರ ನಾಲಗೆಯ ಮೇಲೆ ಬದುಕಿದ್ದರು ಎನ್ನುವವರಿಗೆ ದಾರಿ ಮುಚ್ಚಿಲ್ಲ. ಬಾಯಿಮಾತಿನ ಪರಂಪರೆಯನ್ನು ಸಾಕ್ಷ್ಯವಾಗಿಸುವ ಶಾಸ್ತ್ರವೊಂದಿದೆ. ಹಾಡಿದವರು ಯಾರು, ಯಾವ ಊರು, ಯಾರಿಂದ ಕಲಿತರು, ಯಾವ ದಿನ ದಾಖಲಿಸಲಾಯಿತು, ಇದೇ ಕಥೆ ಪಕ್ಕದ ಊರಿನಲ್ಲಿ ಹೇಗಿದೆ ಎಂದು ಬರೆದಿಡುವ ಕೆಲಸ ಅದು. ಈ ಕೆಲಸಕ್ಕೆ ಕರ್ನಾಟಕದಲ್ಲಿ ಸಂಸ್ಥೆಯ ರೂಪ ಕೊಟ್ಟವರಲ್ಲಿ ಪ್ರಮುಖರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು. 1979ರಲ್ಲಿ ಅವರು ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತು, ಬಳಿಕ ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಎರಡೂ ಪ್ರಧಾನಿ ಉದ್ಘಾಟಿಸಿದ ಆ ಹೆದ್ದಾರಿಯಲ್ಲಿ ಮಂಡ್ಯದಿಂದ ಹೊರಟರೆ ದೂರವೇನಲ್ಲ. ಚಿತ್ರವೊಂದರ ಪ್ರಚಾರಕ್ಕೆ ತಗಲುವ ವೆಚ್ಚದ ಸಣ್ಣ ಪಾಲಿನಲ್ಲಿ ನಾಲ್ಕೂ ತಾಲ್ಲೂಕುಗಳ ಲಾವಣಿಕಾರರನ್ನು, ಹಿರಿಯರನ್ನು ಹುಡುಕಿ ಅವರ ಬಾಯಿಂದ ಬಂದುದನ್ನು ದಾಖಲಿಸಲು ಸಾಧ್ಯ. ಹಾಗೆ ದಾಖಲಾದುದು ಏನೇ ಆಗಿರಲಿ, ಮುಂದಿನ ನಾಟಕಕಾರನಿಗೆ, ಮುಂದಿನ ನಿರ್ಮಾಪಕನಿಗೆ ಅದು ಕೈಗೆ ಸಿಗುವ ಆಧಾರವಾಗುತ್ತದೆ.